ಡಾಲರ್ 44 ಇದ್ದದ್ದು 90 ಆಯ್ತು, ರೂಪಾಯಿ ಹೀಗೇ ಇಳೀತಾ ಇರುತ್ತಾ?

ಬನಶಂಕರಿ_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಅಮೆರಿಕದಲ್ಲಿ ಎಂಎಸ್ ಓದ್ತಿದಾಳೆ. 2024ರ ಆಗಸ್ಟಲ್ಲಿ ಮೊದಲ್ನೇ ಸೆಮಿಸ್ಟರ್ ಫೀಸು 15 ಸಾವಿರ ಡಾಲರ್ ಕಟ್ಟಿದಾಗ ಟಿವಿಲಿ ರೇಟು 84ರ ಹತ್ರ ತೋರಿಸ್ತಿತ್ತು, ಬ್ಯಾಂಕಲ್ಲಿ 85 ರೂಪಾಯಿ 20 ಪೈಸೆ ಹಾಕಿದ್ರು. 2025ರ ಡಿಸೆಂಬರಲ್ಲಿ 90 ದಾಟ್ತು. ಕಾಲೇಜಿನವರು ಒಂದು ಡಾಲರೂ ಜಾಸ್ತಿ ಮಾಡಿಲ್ಲ, ಆದ್ರೂ ಟಿವಿ ರೇಟಲ್ಲೇ ಲೆಕ್ಕ ಹಾಕಿದ್ರೆ ಸೆಮಿಸ್ಟರಿಗೆ 90 ಸಾವಿರ ನನ್ನ ಜೇಬಿಂದ ಎಕ್ಸ್‌ಟ್ರಾ.

2005ರಲ್ಲಿ ಮನೆ ಸಾಲ ತಗೊಂಡಾಗ ಡಾಲರ್ 44 ಆಸುಪಾಸು ಇತ್ತು. ಇಪ್ಪತ್ತು ವರ್ಷಕ್ಕೆ ಡಬಲ್. ಇದಕ್ಕೆ ತಳ ಅಂತ ಒಂದು ಇದೆಯಾ ಇಲ್ವಾ? ಇನ್ನೊಂದು ಸೆಮಿಸ್ಟರ್ ಬಾಕಿ ಇದೆ, ಅದು ಮುಗಿಯೋ ಹೊತ್ತಿಗೆ ಮಗನೂ ಹೋಗ್ತೀನಿ ಅಂತ ಕೂತಿದಾನೆ. ಈಗ್ಲೇ ಎಲ್ಲಾ ಡಾಲರ್ ಮಾಡಿ ಇಟ್ಕೊಳ್ಳೋದಾ? ಗೊತ್ತಿರೋರು ಹೇಳಿ, ದಯವಿಟ್ಟು ಪಾರ್ಟಿ ಜಗಳ ಬೇಡ.

ಉಪ್ಪಿಟ್ಟು_ವಿರೋಧಿ

ಸರ್, ನಮ್ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ತಿಂಗಳಿಗೊಂದ್ಸಲ ಬರುತ್ತೆ: 1947ರಲ್ಲಿ 1 ರೂಪಾಯಿಗೆ 1 ಡಾಲರ್ ಇತ್ತಂತೆ, ದೇಶಕ್ಕೆ ಸಾಲಾನೇ ಇರಲಿಲ್ವಂತೆ. ಅಲ್ಲಿಂದ ಇಲ್ಲಿಗೆ ಬಂದಿದೀವಿ ಅಂದ್ಮೇಲೆ ತಳ ಎಲ್ಲಿಂದ ಬರ್ಬೇಕು, ಪಾತಾಳ ಅಷ್ಟೇ.

ಸಜ್ಜನರಾವ್_ಸರ್ಕಲ್

ಆ ಫಾರ್ವರ್ಡ್ ಶುದ್ಧ ಸುಳ್ಳು ಕಣಪ್ಪ. ನಾನು ಬ್ಯಾಂಕಿನ ಫಾರಿನ್ ಎಕ್ಸ್‌ಚೇಂಜ್ ಡಿಪಾರ್ಟ್‌ಮೆಂಟಲ್ಲೇ ಕೂದಲು ಉದುರಿಸಿಕೊಂಡೋನು, ರಿಟೈರ್ ಆಗಿದೀನಿ, ಟೈಮ್ ಇದೆ, ಸ್ವಲ್ಪ ಉದ್ದ ಆಗುತ್ತೆ ಓದ್ಕೊಳಿ.

1947ರಲ್ಲಿ ರೂಪಾಯಿ ಡಾಲರಿಗೆ ಕಟ್ಟಿರಲೇ ಇಲ್ಲ, ಪೌಂಡಿಗೆ ಕಟ್ಟಿತ್ತು. ಒಂದು ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್ (ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್), ಅಂದ್ರೆ ಒಂದು ಪೌಂಡಿಗೆ 13 ರೂಪಾಯಿ 33 ಪೈಸೆ ಲೆಕ್ಕ. ಆಗ ಒಂದು ಪೌಂಡಿಗೆ 4.03 ಡಾಲರ್. ಭಾಗ ಮಾಡಿ ನೋಡಿ, ಡಾಲರಿಗೆ 3 ರೂಪಾಯಿ 30 ಪೈಸೆ ಚಿಲ್ರೆ ಬರುತ್ತೆ. ಆ 1 ಶಿಲಿಂಗ್ 6 ಪೆನ್ಸೂ ಬ್ರಿಟಿಷರು 1920ರ ದಶಕದಲ್ಲಿ ಜಗಳದ ಮಧ್ಯೆ ನಿಗದಿ ಮಾಡಿದ್ದು, ನಮ್ಮ ವ್ಯಾಪಾರಸ್ಥರು 1 ಶಿಲಿಂಗ್ 4 ಪೆನ್ಸ್ ಸಾಕು, ರೂಪಾಯಿ ಅಷ್ಟು ಗಟ್ಟಿ ಇದ್ರೆ ನಮ್ಮ ಮಾಲು ಯಾರು ತಗೋತಾರೆ ಅಂತ ವಾದ ಮಾಡಿದ್ರು. ಅದಕ್ಕೂ ಹಿಂದೆ ರೂಪಾಯಿ ಬೆಳ್ಳಿ ನಾಣ್ಯ. 1870ರ ದಶಕದಿಂದ ಲೋಕದಲ್ಲಿ ಬೆಳ್ಳಿ ಬೆಲೆ ಬಿದ್ದಾಗ 2 ಶಿಲಿಂಗ್ ಹತ್ರ ಇದ್ದ ರೂಪಾಯಿ 1890ರ ದಶಕದಲ್ಲಿ 1 ಶಿಲಿಂಗ್ ಚಿಲ್ರೆಗೆ ಬಂದಿತ್ತು. ಹಾಗಾಗಿ ರೂಪಾಯಿ ಇಳಿಯೋದು ಸ್ವಾತಂತ್ರ್ಯ ಬಂದ್ಮೇಲೆ ಶುರುವಾದ ಕಾಯಿಲೆ ಅಲ್ಲ.

1949ರ ಸೆಪ್ಟೆಂಬರಲ್ಲಿ ಬ್ರಿಟನ್ ಪೌಂಡನ್ನ 2.80 ಡಾಲರಿಗೆ ಇಳಿಸ್ತು, ನಾವೂ ಹಿಂದೇನೇ ಹೋದ್ವಿ, ಡಾಲರ್ 4.76 ಆಯ್ತು. ಅದು ಹದಿನಾರು ಹದಿನೇಳು ವರ್ಷ ಅಲ್ಲಾಡಲಿಲ್ಲ. ಅಲ್ಲಾಡಲಿಲ್ಲ ಅಂದ್ರೆ ಗಟ್ಟಿ ಇತ್ತು ಅಂತಲ್ಲ, ಲೈಸೆನ್ಸು ಪರ್ಮಿಟ್ಟು ಹಾಕಿ ಯಾರಿಗೂ ಡಾಲರ್ ಸಿಗದಂಗೆ ಮಾಡಿ ರೇಟು ಹಿಡಿದಿಟ್ಟಿದ್ರು. ಒಳಗೆ ಬೆಲೆ ಏರ್ತಾ ಇದೆ, ಹೊರಗೆ ರೇಟು ಅದೇ. ಚೀನಾ ಯುದ್ಧ ಆಯ್ತು, 1965ರಲ್ಲಿ ಪಾಕಿಸ್ತಾನದ ಯುದ್ಧ ಆಯ್ತು, ಅಮೆರಿಕದ ನೆರವು ನಿಂತಿತು, ಮಳೆ ಬೇರೆ ಕೈಕೊಡ್ತು. 1966ರ ಜೂನ್ 6ಕ್ಕೆ ಇಂದಿರಾ ಗಾಂಧಿ ಸರ್ಕಾರ ಒಂದೇ ಏಟಿಗೆ 4.76ರಿಂದ 7.50ಕ್ಕೆ ತಂತು. ಪೇಪರಲ್ಲಿ ಒಬ್ರು 36.5 ಪರ್ಸೆಂಟ್ ಅಂತ ಬರೀತಾರೆ, ಇನ್ನೊಬ್ರು 57.5 ಅಂತ ಬರೀತಾರೆ, ಎರಡೂ ಸರಿ: ರೂಪಾಯಿ ಕಡೆಯಿಂದ ನೋಡಿದ್ರೆ ಮೊದಲ್ನೇದು, ಡಾಲರ್ ಎಷ್ಟು ದುಬಾರಿ ಆಯ್ತು ಅಂತ ನೋಡಿದ್ರೆ ಎರಡನೇದು.

ಆಗ ಕುವೈತ್, ಬಹ್ರೇನ್, ದುಬೈ ಕಡೆಯೆಲ್ಲ ನಮ್ಮ ರೂಪಾಯಿಯೇ ಓಡ್ತಿತ್ತು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ. 1959ರಿಂದ ರಿಸರ್ವ್ ಬ್ಯಾಂಕ್ ಗಲ್ಫ್‌ಗೆ ಅಂತಾನೇ ಬೇರೆ ನೋಟು ಪ್ರಿಂಟ್ ಮಾಡ್ತಿತ್ತು. ಕುವೈತ್ 1961ರಲ್ಲೇ ಬಿಟ್ಟಿತ್ತು, ಬಹ್ರೇನ್ 1965ರಲ್ಲಿ, 66ರ ಅಪಮೌಲ್ಯ ಆದ್ಮೇಲೆ ಕತಾರ್, ದುಬೈ ಕಡೆಯವರೂ ಬೇಡಪ್ಪ ನಿಮ್ಮ ಸಹವಾಸ ಅಂತ ಬೇರೆ ದಾರಿ ನೋಡ್ಕೊಂಡ್ರು.

1991 ಮುಂದಿನ ಪೋಸ್ಟಲ್ಲಿ ಹಾಕ್ತೀನಿ, ಕಾಫಿ ಕುಡಿದು ಬರ್ತೀನಿ.

ಬೆಂಚ್_ಮೇಲಿನ_ಟೆಕ್ಕಿ

ಅಂಕಲ್ ಸೂಪರ್. ನನ್ನದೊಂದು ಹೊಟ್ಟೆಉರಿ ಇದೆ ಹೇಳ್ತೀನಿ. 2007ರಲ್ಲಿ ನಾನು ಫ್ರೆಶರ್, ಡಾಲರ್ 44ರಿಂದ 39ಕ್ಕೆ ಬಂತು, ರೂಪಾಯಿ ಗಟ್ಟಿ ಆಯ್ತು ಮಾರ್ಜಿನ್ ಹೋಯ್ತು ಅಂತ ಹೈಕ್ ಕಟ್ ಮಾಡಿದ್ರು. ಸರಿ ಒಪ್ಪೋಣ. 2025ರ ಡಿಸೆಂಬರಿಗೆ 90 ದಾಟ್ತು, ಕ್ಲೈಂಟ್ ಡಾಲರಲ್ಲಿ ಬಿಲ್ ಕಟ್ತಾನೆ, ನನ್ನ ಸಂಬಳ ರೂಪಾಯಿ, ಈಗ್ಲಾದ್ರೂ ಕೊಡಿ ಅಂದ್ರೆ ಮ್ಯಾಕ್ರೋ ಅನಿಶ್ಚಿತತೆ ಅಂತೆ. ರೂಪಾಯಿ ಏರಿದಾಗ್ಲೂ ನಮಗೇ ಏಟು ಇಳಿದಾಗ್ಲೂ ನಮಗೇ ಏಟು, ಇದ್ಯಾವ ನ್ಯಾಯ ಗುರು. ಕಂಪನಿ ಹೆಸರು ಬೇಡ, ಎಲ್ಲಾದ್ರದ್ದೂ ಒಂದೇ ಕಥೆ.

ಎಸ್ಪಿ_ರೋಡ್_ಹುಡುಗ

ಅಣ್ಣ ನಮ್ ಕಡೆ ಬಾ. ಡಾಲರ್ ಏರಿದ ವಾರಾನೇ ಡಿಸ್ಟ್ರಿಬ್ಯೂಟರ್ ವಾಟ್ಸಾಪಲ್ಲಿ ಹೊಸ ರೇಟ್ ಶೀಟ್ ಬಿಡ್ತಾನೆ, ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಎಲ್ಲಾ ಮೇಲೆ. ಡಾಲರ್ ಇಳಿದ್ರೆ ಫೋನ್ ಮಾಡಿ ಕೇಳಿದ್ರೆ ಹಳೇ ಸ್ಟಾಕ್ ಇದೆ ಭಾಯ್ ಅದು ಖಾಲಿ ಆಗ್ಲಿ ಅಂತಾನೆ. ಆ ಹಳೇ ಸ್ಟಾಕ್ ಯಾವತ್ತೂ ಖಾಲಿ ಆಗಿದ್ದು ನಾನು ನೋಡಿಲ್ಲ. ಬೆಳಗ್ಗೆ ಕೊಟ್ಟ ಕೊಟೇಶನ್ನಿಗೆ ಸಾಯಂಕಾಲ ಕಸ್ಟಮರ್ ಬಂದ್ರೆ ಸರ್ ರೇಟ್ ಚೇಂಜ್ ಆಯ್ತು ಅನ್ನಬೇಕು, ಅವರು ನನ್ನನ್ನೇ ಕಳ್ಳನ್ನ ನೋಡ್ದಂಗೆ ನೋಡ್ತಾರೆ.

ಸಜ್ಜನರಾವ್_ಸರ್ಕಲ್

ಬಂದೆ. 1991.

ಕುವೈತ್ ಯುದ್ಧದಿಂದ ಎಣ್ಣೆ ಬೆಲೆ ಏರ್ತು, ಗಲ್ಫಿಂದ ಬರೋ ದುಡ್ಡು ನಿಂತಿತು, ಹೊರಗಿದ್ದ ಎನ್‌ಆರ್‌ಐಗಳು ಡೆಪಾಸಿಟ್ ವಾಪಸ್ ತಗೊಳೋಕೆ ಶುರು ಮಾಡಿದ್ರು. ಜೂನ್ ಹೊತ್ತಿಗೆ ದೇಶದ ಹತ್ರ ಎರಡು ಮೂರು ವಾರದ ಆಮದಿಗಾಗೋಷ್ಟು ಮಾತ್ರ ವಿದೇಶಿ ದುಡ್ಡು. ಚಂದ್ರಶೇಖರ್ ಸರ್ಕಾರ ಇದ್ದಾಗ್ಲೇ ಮೇ ತಿಂಗಳಲ್ಲಿ 20 ಟನ್ ಚಿನ್ನ ಸ್ವಿಟ್ಜರ್‌ಲೆಂಡ್ ಬ್ಯಾಂಕಿಗೆ ಹೋಗಿತ್ತು. ನರಸಿಂಹ ರಾವ್ ಬಂದ್ರು, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ ಆದ್ರು. ಜುಲೈ 1ಕ್ಕೆ ಒಂದು ಸಲ, ಜುಲೈ 3ಕ್ಕೆ ಇನ್ನೊಂದು ಸಲ ರೂಪಾಯಿ ಇಳಿಸಿದ್ರು, 21 ಚಿಲ್ರೆ ಇದ್ದದ್ದು 26ರ ಹತ್ರ ಬಂತು. ಅದೇ ತಿಂಗಳು ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ವಿಮಾನದಲ್ಲಿ ಹೋಯ್ತು, ಅಡ ಇಡೋಕೆ. ಮಾರ್ವಾಡಿ ಅಂಗಡಿಗೆ ಬಳೆ ತಗೊಂಡು ಹೋದಂಗೇ ಅದು, ಅಂಗಡಿ ಲಂಡನ್ನಲ್ಲಿತ್ತು ಅಷ್ಟೇ.

ಎರಡು ಕಂತಲ್ಲಿ ಯಾಕೆ ಮಾಡಿದ್ರು ಅಂದ್ರೆ ಮೊದಲು ಸಣ್ಣದಾಗಿ ಇಳಿಸಿ ಮಾರ್ಕೆಟ್ ಹೆಂಗೆ ತಗೊಳುತ್ತೆ ನೋಡಿ ಆಮೇಲೆ ದೊಡ್ಡದು. ಜುಲೈ 2ನೇ ತಾರೀಖು ಒಂದು ದಿನ ಮಧ್ಯೆ ಇದೆಯಲ್ಲ, ಅವತ್ತು ಎಕ್ಸ್‌ಪೋರ್ಟರ್‌ಗಳ ಫೋನ್ ನಿಲ್ಲಲೇ ಇಲ್ಲ, ಬಿಲ್ ಇವತ್ತು ಕೊಡೋದಾ ನಾಳೆ ಕೊಡೋದಾ ಸ್ವಾಮಿ ಅಂತ. ನಾವೇನು ಹೇಳೋದು, ನಮಗೂ ಅಷ್ಟೇ ಗೊತ್ತಿದ್ದಿದ್ದು. 1993ರ ಮಾರ್ಚಿಂದ ರೇಟು ಮಾರ್ಕೆಟ್ಟಿಗೆ ಬಿಟ್ರು, ಅವಾಗ 31 ಚಿಲ್ರೆ. ಅಲ್ಲಿಂದ ಈಚೆಗೆ ಸರ್ಕಾರ ಒಂದಿನ ಬೆಳಗ್ಗೆ ಎದ್ದು ಅಪಮೌಲ್ಯ ಮಾಡಿದ್ದು ಅಂತ ಇಲ್ಲ, ಎಲ್ಲಾ ಮಾರ್ಕೆಟ್ಟಿಂದ್ದೇ, ರಿಸರ್ವ್ ಬ್ಯಾಂಕ್ ಆಗಾಗ ಸರ್ಕಾರಿ ಬ್ಯಾಂಕುಗಳ ಕೈಲಿ ಡಾಲರ್ ಮಾರಿಸಿ ಬ್ರೇಕ್ ಹಾಕುತ್ತೆ.

ಅರ್ಥಶಾಸ್ತ್ರ_ಮೇಷ್ಟ್ರು

ಸಜ್ಜನರಾವ್ ಸರ್ ಇತಿಹಾಸ ಹೇಳಿದ್ರು, ನಾನು ಬನಶಂಕರಿಯವರ ಪ್ರಶ್ನೆಗೆ ನೇರ ಬರ್ತೀನಿ. 20 ವರ್ಷಕ್ಕೆ ಡಬಲ್ ಅಂದ್ರೆ ವರ್ಷಕ್ಕೆ ಮೂರೂವರೆ ಪರ್ಸೆಂಟ್, ಅಷ್ಟೇ. ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಬೆಲೆ ಏರಿಕೆ ವರ್ಷಕ್ಕೆ ಸರಾಸರಿ ಆರರ ಆಸುಪಾಸು, ಅಮೆರಿಕದಲ್ಲಿ ಎರಡೂವರೆ. ಕಳೆದ್ರೆ ಎಷ್ಟು ಬರುತ್ತೆ ನೀವೇ ನೋಡಿ. ಇಲ್ಲಿ ಮಸಾಲೆ ದೋಸೆ ಬೆಲೆ ಅಲ್ಲಿನ ಬರ್ಗರ್ ಬೆಲೆಗಿಂತ ಜೋರಾಗಿ ಏರ್ತಿರುವಾಗ ರೂಪಾಯಿ ಮಾತ್ರ ಅಲ್ಲೇ ನಿಂತಿರ್ಬೇಕು ಅಂದ್ರೆ ನಮ್ಮ ಮಾಲು ಹೊರಗಿನವರಿಗೆ ವರ್ಷ ವರ್ಷ ದುಬಾರಿ ಆಗ್ತಾ ಹೋಗುತ್ತೆ, ಯಾರೂ ತಗೊಳಲ್ಲ.

ಹಾಗಾಗಿ ತಳ ಅಂತ ಇಲ್ಲ, ಹಾಗಂತ ಪಾತಾಳಾನೂ ಅಲ್ಲ. ಇದನ್ನ ಮಾರ್ಕೆಟ್ಟೇ ಬರೆದು ಕೊಟ್ಟಿರುತ್ತೆ: ಇವತ್ತು ಬ್ಯಾಂಕಲ್ಲಿ ಒಂದು ವರ್ಷ ಆದ್ಮೇಲಿನ ಡಾಲರ್ ಬುಕ್ ಮಾಡೋಕೆ ಹೋದ್ರೆ ಇವತ್ತಿನ ರೇಟಿಗೆ ಸಿಗಲ್ಲ, ಸ್ವಲ್ಪ ಮೇಲೆ ಹೇಳ್ತಾರೆ. ಇಲ್ಲಿನ ಬಡ್ಡಿಗೂ ಅಲ್ಲಿನ ಬಡ್ಡಿಗೂ ಇರೋ ವ್ಯತ್ಯಾಸ ಅದು. ಅಂದ್ರೆ ಇಳಿಯುತ್ತೆ ಅನ್ನೋದು ಯಾರಿಗೂ ಗುಟ್ಟಲ್ಲ, ಎಷ್ಟು ಬೇಗ ಅನ್ನೋದ್ರಲ್ಲೇ ಎಲ್ಲರೂ ಕೈ ಸುಟ್ಕೊಳೋದು.

ಉಪ್ಪಿಟ್ಟು_ವಿರೋಧಿ

ಮೇಷ್ಟ್ರೇ ಒಂದು ಡೌಟು. 2025ರ ಅಕ್ಟೋಬರಲ್ಲಿ ನಮ್ಮ ಬೆಲೆ ಏರಿಕೆ 0.25 ಪರ್ಸೆಂಟ್ ಅಂತ ಸರ್ಕಾರಾನೇ ಹೇಳ್ತು, ಅಮೆರಿಕದಲ್ಲಿ ಮೂರರ ಹತ್ರ. ನಿಮ್ಮ ಲೆಕ್ಕದ ಪ್ರಕಾರ ರೂಪಾಯಿ ಏರ್ಬೇಕಿತ್ತು. ಆದ್ರೆ ಅದೇ ವರ್ಷ 86ರಿಂದ 90 ದಾಟ್ತು. ಈಗ ಏನಂತೀರಿ?

ಅರ್ಥಶಾಸ್ತ್ರ_ಮೇಷ್ಟ್ರು

ಉಪ್ಪಿಟ್ಟಿಗೆ ವಿರೋಧ ಇದ್ರೂ ಪ್ರಶ್ನೆಗೆ ಉಪ್ಪು ಖಾರ ಸರಿಯಾಗಿದೆ 😀

ನಾನು ಹೇಳಿದ್ದು ಹತ್ತಿಪ್ಪತ್ತು ವರ್ಷದ ಲೆಕ್ಕ, ಒಂದು ವರ್ಷದ ಲೆಕ್ಕ ಬೇರೇನೇ. ಒಂದು ವರ್ಷದಲ್ಲಿ ರೇಟು ಓಡಿಸೋದು ಯಾರು ದುಡ್ಡು ತರ್ತಿದಾರೆ ಯಾರು ತಗೊಂಡು ಹೋಗ್ತಿದಾರೆ ಅನ್ನೋದು. 2025ರಲ್ಲಿ ವಿದೇಶಿ ಹೂಡಿಕೆದಾರರು ನಮ್ಮ ಷೇರು ಮಾರಿ ಹೊರಟ್ರು, ಆಗಸ್ಟಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ 50 ಪರ್ಸೆಂಟ್ ಸುಂಕ ಹಾಕ್ತು, ಚಿನ್ನದ ಬೆಲೆ ಆಕಾಶಕ್ಕೆ ಹೋದ್ರೂ ನಾವು ತಗೊಳೋದು ಬಿಡಲಿಲ್ಲ.

ಇನ್ನೊಂದಿದೆ, ಇದನ್ನ ಟಿವಿಲಿ ಹೇಳಲ್ಲ. 2023ರಲ್ಲೂ 2024ರ ಬಹುಪಾಲೂ ಡಾಲರ್ 81-84ರ ಒಳಗೇ ಇತ್ತು ನೆನಪಿದೆಯಾ? ಅದು ತಾನಾಗೇ ನಿಂತಿದ್ದಲ್ಲ. ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) 2023ರ ಡಿಸೆಂಬರಲ್ಲಿ ನಿಮ್ಮದು ಮಾರ್ಕೆಟ್ ರೇಟ್ ಅಲ್ಲ, ಹಿಡಿದಿಟ್ಟ ರೇಟ್ ಅನ್ನೋ ಅರ್ಥದಲ್ಲಿ ನಮ್ಮನ್ನ ಬೇರೆ ಪಟ್ಟಿಗೆ ಹಾಕ್ತು, ರಿಸರ್ವ್ ಬ್ಯಾಂಕ್ ಒಪ್ಪಲಿಲ್ಲ. ಆದ್ರೆ 2024ರ ಸೆಪ್ಟೆಂಬರಲ್ಲಿ 700 ಬಿಲಿಯನ್ ಡಾಲರ್ ದಾಟಿದ್ದ ವಿದೇಶಿ ದುಡ್ಡಿನ ಮೀಸಲು 2025ರ ಜನವರಿ ಹೊತ್ತಿಗೆ 630ರ ಕೆಳಗೆ ಬಂದಿತ್ತು. 40 ದೇಶದ ಕರೆನ್ಸಿ ಜೊತೆ ಬೆಲೆ ಏರಿಕೆ ಎಲ್ಲಾ ಸೇರಿಸಿ ತೂಗಿ ನೋಡೋ ಒಂದು ಸೂಚ್ಯಂಕ ಇದೆ, ಅದು 2024ರ ನವೆಂಬರಲ್ಲಿ 108 ಇತ್ತು, ಅಂದ್ರೆ ರೂಪಾಯಿ ಇರಬೇಕಾದಕ್ಕಿಂತ ದುಬಾರಿ. ಒಂದು ವರ್ಷದಲ್ಲಿ 100ರ ಕೆಳಗೆ ಬಂತು. ಎರಡು ವರ್ಷ ಸ್ವಲ್ಪ ಸ್ವಲ್ಪ ಆಗಬೇಕಿದ್ದದ್ದು ಒಟ್ಟಿಗೆ ಆಯ್ತು, ಅದಕ್ಕೇ ಇಷ್ಟು ನೋವು. ನನ್ನ ಕೇಳಿದ್ರೆ ಹಿಡಿದಿಟ್ಟಿದ್ದೇ ತಪ್ಪು. ಹಿಡಿದಿಟ್ಟಾಗ ಜನ ಇದು ಹಿಂಗೇ ಇರುತ್ತೆ ಅಂದ್ಕೊಂಡು ಮಕ್ಕಳ ಫೀಸಿಗೆ 84ರಲ್ಲೇ ಬಜೆಟ್ ಹಾಕ್ಕೊಂಡ್ಬಿಡ್ತಾರೆ.

ಪೀಣ್ಯ_ಟರ್ನರ್

ಮೇಷ್ಟ್ರೇ ನಮಸ್ಕಾರ. ಒಂದ್ ಮಾತು ಎಲ್ಲಾ ಕಡೆ ಕೇಳ್ತೀನಿ, ರೂಪಾಯಿ ಇಳಿದ್ರೆ ರಫ್ತಿಗೆ ಒಳ್ಳೇದು, ಪೀಣ್ಯದವರಿಗೆ ಹಬ್ಬ ಅಂತ. ಯಾವ ಪೀಣ್ಯ ಗುರು ಅದು, ನನಗೂ ತೋರಿಸಿ.

ನಾನು ಎರಡು ವಿಎಂಸಿ ಒಂದು ಟರ್ನಿಂಗ್ ಸೆಂಟರ್ (ಕಂಪ್ಯೂಟರ್ ಮೇಲೆ ಓಡೋ ಲೋಹ ಕಡಿಯೋ ಮೆಷಿನ್ನು) ಇಟ್ಕೊಂಡು ಜಾಬ್ ವರ್ಕ್ ಮಾಡ್ತೀನಿ. ನನ್ನ ಪಾರ್ಟ್ ದೊಡ್ಡ ಕಂಪನಿಗೆ ಹೋಗುತ್ತೆ, ಅವರು ಅಸೆಂಬ್ಲಿ ಮಾಡಿ ಜರ್ಮನಿಗೋ ಅಮೆರಿಕಕ್ಕೋ ಕಳಿಸ್ತಾರೆ. ಡಾಲರ್ ಸಿಗೋದು ಅವರಿಗೆ. ನನಗೆ ಮೆಷಿನ್ ಅವರ್ ರೇಟು ರೂಪಾಯಲ್ಲಿ, ಅದೂ ಹಳೇದೇ. ರೂಪಾಯಿ ಇಳಿದ್ರೆ ಅವರ ಕಸ್ಟಮರ್ ಅಲ್ಲಿಂದ ಮೇಲ್ ಹಾಕ್ತಾನೆ, ನಿಮಗೆ ಲಾಭ ಆಗ್ತಿದೆ ನಮಗೆ ರೇಟ್ ಕಮ್ಮಿ ಮಾಡಿ ಅಂತ. ಅವರು ಅದನ್ನ ನನ್ನ ಮೇಲೆ ಹಾಕ್ತಾರೆ, ಮೂರು ಪರ್ಸೆಂಟ್ ಪ್ರೈಸ್ ಡೌನ್ ಕೊಡಿ ಇಲ್ಲಾಂದ್ರೆ ಕೊಯಮತ್ತೂರಿನವರು ರೆಡಿ ಇದಾರೆ ಅಂತ. ಇತ್ಲಾಗೆ ಕಾರ್ಬೈಡ್ ಇನ್ಸರ್ಟು, ಬೇರಿಂಗು, ಕಂಟ್ರೋಲರ್ ಕಾರ್ಡು ಎಲ್ಲಾ ಇಂಪೋರ್ಟ್, ಡಾಲರ್ ಏರಿದ ತಿಂಗಳೇ ಡೀಲರ್ ಹೊಸ ಪ್ರೈಸ್ ಲಿಸ್ಟ್ ತರ್ತಾನೆ. ಸ್ಟೀಲು ಇಲ್ಲೇ ಮಾಡಿದ್ದಾದ್ರೂ ರೇಟು ಇಂಪೋರ್ಟ್ ರೇಟ್ ನೋಡ್ಕೊಂಡೇ ಏರುತ್ತೆ. ರಫ್ತಿನ ಲಾಭ ಹಡಗು ಹತ್ತೋ ಕೊನೇ ಮನುಷ್ಯನ ಹತ್ರ ನಿಲ್ಲುತ್ತೆ, ಹಿಂದಿರೋ ನಮಗೆ ಬರೋದು ಬರೀ ಬಿಲ್ಲು.

ಮೂಡಿಗೆರೆ_ಕಾಫಿ

ನಮ್ಮ ಕಡೆ ಸ್ವಲ್ಪ ಬೇರೆ ಇದೆ, ಹೇಳಿದ್ರೆ ಬೈಬೇಡಿ. ವಿಜಯನಗರದಲ್ಲಿರ್ತೀನಿ, ತೋಟ ಊರಲ್ಲಿದೆ. ಅರೇಬಿಕಾ ರೇಟು ನ್ಯೂಯಾರ್ಕಲ್ಲಿ ಪೌಂಡ್ ತೂಕಕ್ಕೆ ಸೆಂಟ್ಸ್ ಲೆಕ್ಕ, ರೋಬಸ್ಟಾ ಲಂಡನ್ನಲ್ಲಿ ಟನ್ನಿಗೆ ಡಾಲರ್ ಲೆಕ್ಕ, ಚೀಲ ತಗೊಂಡು ಕ್ಯೂರಿಂಗಿಗೆ (ಕಾಫಿ ಬೀಜ ಸಂಸ್ಕರಿಸೋ ಕಡೆ) ಹೋದ್ರೆ ಅವರು ಮೊದಲು ನೋಡೋದು ಆ ರೇಟು ಆಮೇಲೆ ಡಾಲರ್ ರೇಟು. ಹಾಗಾಗಿ ಡಾಲರ್ ಏರಿದ್ರೆ ನಮಗೆ ನೇರ ಲಾಭ, ಸುಳ್ಳು ಹೇಳಲ್ಲ. ಆದ್ರೆ 2024-25ರಲ್ಲಿ ಕಾಫಿಗೆ ಬಂದ ರೇಟು ರೂಪಾಯಿಯಿಂದ ಬಂದಿದ್ದಲ್ಲ, ಬ್ರೆಜಿಲ್ಲಲ್ಲಿ, ವಿಯೆಟ್ನಾಮಲ್ಲಿ ಬರ ಬಂದು ಫಸಲು ಕೈಕೊಟ್ಟಿದ್ದರಿಂದ. ರೂಪಾಯಿ ಮೇಲೆ ನಾಲ್ಕೈದು ಪರ್ಸೆಂಟ್ ಸೇರಿಸ್ತು ಅಷ್ಟೇ.

ಇನ್ನು ಗೊಬ್ಬರ. ಪೊಟ್ಯಾಷ್ ಪೂರ್ತಿ ಹೊರಗಿಂದ ಬರೋದು. ಕಾಫಿ ರೇಟು ಬಿದ್ದು ಡಾಲರ್ ಮೇಲೆ ಇದ್ದ ವರ್ಷ ಪೊಟ್ಯಾಷ್ ಚೀಲದ ಮುಂದೆ ನಿಂತ್ಕೊಂಡು ತೋಟಕ್ಕೆ ಹಾಕೋದಾ ಬೇಡ್ವಾ ಅಂತ ಯೋಚನೆ ಮಾಡ್ಬೇಕಾಗುತ್ತೆ.

ಬೆಂಚ್_ಮೇಲಿನ_ಟೆಕ್ಕಿ

ಮೇಷ್ಟ್ರೇ, ಚೀನಾದವರು ಹೆಂಗೆ ಹಿಡ್ಕೊಂಡಿದಾರೆ ಹಾಗಾದ್ರೆ? ಅವರದ್ದು ಡಾಲರಿಗೆ 7ರ ಆಸುಪಾಸು, ಇಪ್ಪತ್ತು ವರ್ಷದ ಹಿಂದೆ 8 ಇತ್ತು. ಅವರದ್ದು ಏರಿದೆ, ನಮ್ಮದು ಡಬಲ್ ಇಳಿದಿದೆ. ಮತ್ತೆ ಎಲ್ಲಾ ದೇಶದ್ದೂ ಇಳಿಯುತ್ತೆ ಅನ್ನೋದು ಸುಳ್ಳು ತಾನೆ?

ಅರ್ಥಶಾಸ್ತ್ರ_ಮೇಷ್ಟ್ರು

ಎಲ್ಲಾ ದೇಶದ್ದೂ ಇಳಿಯುತ್ತೆ ಅಂತ ನಾನು ಹೇಳಲೇ ಇಲ್ಲ. ಸ್ವಿಸ್ ಫ್ರಾಂಕ್ 1960ರ ದಶಕದಲ್ಲಿ ಡಾಲರಿಗೆ 4 ಚಿಲ್ರೆ ಇತ್ತು, ಈಗ ಒಂದಕ್ಕಿಂತ ಕಮ್ಮಿ. ಜಪಾನ್ ಯೆನ್ 1971ರ ತನಕ 360, 2011ರಲ್ಲಿ 75ರ ಹತ್ರ ಹೋಗಿತ್ತು. ಬೆಲೆ ಏರಿಕೆ ಹಿಡಿದಿಟ್ಟು, ಜಗತ್ತಿಗೆ ಬೇಕಾದ್ದು ಮಾಡಿ ಮಾರಿದ ದೇಶದ ಕರೆನ್ಸಿ ಏರುತ್ತೆ.

ಚೀನಾದ್ದು ಅರ್ಧ ಕಥೆ ಹೇಳಿದ್ರಿ. 1980ರಲ್ಲಿ ಡಾಲರಿಗೆ ಒಂದೂವರೆ ಯುವಾನ್, 1994ರ ಹೊತ್ತಿಗೆ 8.7. ನಮಗಿಂತ ಜೋರಾಗಿ ಇಳಿಸಿದ್ರು ಅವರು. ಆಮೇಲೆ 8.28ಕ್ಕೆ ಕಟ್ಟಿಹಾಕಿ 2005ರ ಜುಲೈ ತನಕ ಬಿಡಲಿಲ್ಲ, ಆ ಹೊತ್ತಿಗೆ ಲೋಕದ ಕಾರ್ಖಾನೆ ಎಲ್ಲಾ ಅಲ್ಲಿ ಕೂತಾಗಿತ್ತು. ನಾವು ಇಳಿಸಿದ್ವಿ, ಕಾರ್ಖಾನೆ ಬರಲಿಲ್ಲ, ಸಾಫ್ಟ್‌ವೇರ್ ಬಂತು. 2024-25ರಲ್ಲಿ ನಮ್ಮ ಸರಕಿನ ವ್ಯಾಪಾರದ ಕೊರತೆ ಸುಮಾರು 280 ಬಿಲಿಯನ್ ಡಾಲರ್. ಅದನ್ನ ತುಂಬಿಸ್ತಿರೋದು ಸೇವಾ ರಫ್ತು, ಅದರಲ್ಲಿ ದೊಡ್ಡ ಪಾಲು ನಮ್ಮ ಬೆಂಗಳೂರಿಂದ್ದೇ, ಮತ್ತೆ ಹೊರಗಿರೋ ಭಾರತೀಯರು ಮನೆಗೆ ಕಳಿಸೋ ವರ್ಷಕ್ಕೆ 130 ಬಿಲಿಯನ್ ಹತ್ರದ ದುಡ್ಡು. ಕಚ್ಚಾ ಎಣ್ಣೆಲಿ ನೂರಕ್ಕೆ 85ಕ್ಕೂ ಮೇಲೆ ಹೊರಗಿಂದ, ಅಡುಗೆ ಎಣ್ಣೆ ಅರ್ಧಕ್ಕಿಂತ ಜಾಸ್ತಿ ಹೊರಗಿಂದ. ದರ್ಶಿನಿಲಿ ವಡೆ ಕರಿಯೋ ಬಾಣಲೆ ತನಕ ಡಾಲರ್ ಬಂದು ಕೂತಿದೆ.

ಗಾಂಧಿಬಜಾರ್_ಗರಂ

2013ರಲ್ಲಿ 68 ಆದಾಗ ಬೀದಿಲಿ ನಿಂತು ಬೈದವರೆಲ್ಲಾ ಈಗ ಎಲ್ಲಿ? 90 ಆದ್ರೂ ಬಾಯಿಗೆ ಬೀಗ. ಪ್ರಧಾನಿ ವಯಸ್ಸಿಗೆ ಹೋಲಿಸಿ ಜೋಕ್ ಮಾಡ್ತಿದ್ರಲ್ಲ.

ಸಜ್ಜನರಾವ್_ಸರ್ಕಲ್

ಬನಶಂಕರಿಯವರು ಮೊದಲೇ ಕೈ ಮುಗಿದು ಬೇಡ ಅಂದ್ರು, ಆದ್ರೂ ಒಬ್ರು ಬಂದೇ ಬಂದ್ರು. ಯಾವ ಪಾರ್ಟಿ ಇದ್ದಾಗ ಇಳಿದಿಲ್ಲ ಹೇಳಿ ನೋಡೋಣ. ವಿರೋಧ ಪಕ್ಷದಲ್ಲಿದ್ದಾಗ ಎಲ್ಲರಿಗೂ ರೂಪಾಯಿ ದೇಶದ ಮಾನ, ಅಧಿಕಾರಕ್ಕೆ ಬಂದ್ಮೇಲೆ ಎಲ್ಲರಿಗೂ ಅದು ಡಾಲರ್ ಗಟ್ಟಿಯಾಗ್ತಿರೋದು.

2013 ಅಂದ್ರಲ್ಲ ಅದನ್ನ ಹೇಳ್ತೀನಿ, ಅದು ನನ್ನ ಸರ್ವಿಸಿನ ಕೊನೇ ದೊಡ್ಡ ಗಲಾಟೆ. ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಅಧ್ಯಕ್ಷ ಬರ್ನಾಂಕೆ ದುಡ್ಡು ಸುರಿಯೋದು ಕಮ್ಮಿ ಮಾಡ್ತೀವಿ ಅಂತ ಬರೀ ಬಾಯಲ್ಲಿ ಹೇಳಿದ್ದು, 55 ಇದ್ದ ಡಾಲರ್ ಆಗಸ್ಟ್ 28ಕ್ಕೆ 68 ದಾಟ್ತು. ಚಿನ್ನದ ಆಮದು ಸುಂಕ 10 ಪರ್ಸೆಂಟ್ ಮಾಡಿದ್ರು. ಸೆಪ್ಟೆಂಬರ್ 4ಕ್ಕೆ ರಘುರಾಮ್ ರಾಜನ್ ಗವರ್ನರ್ ಆಗಿ ಬಂದ್ರು, ಬಂದ ದಿನಾನೇ ಎನ್‌ಆರ್‌ಐ ಡಾಲರ್ ಡೆಪಾಸಿಟ್ ತನ್ನಿ, ಅದರ ವಿನಿಮಯದ ರಿಸ್ಕ್ ವರ್ಷಕ್ಕೆ ಮೂರೂವರೆ ಪರ್ಸೆಂಟಿಗೆ ನಾವು ತಗೋತೀವಿ ಅಂತ ಬ್ಯಾಂಕುಗಳಿಗೆ ಹೇಳಿದ್ರು. ನವೆಂಬರ್ ಕೊನೆ ತನಕ ನಮಗೆ ಊಟ ತಿಂಡಿ ಆಫೀಸಲ್ಲೇ. ದುಬೈ, ಸಿಂಗಪುರದಲ್ಲಿ ಬ್ಯಾಂಕುಗಳು ಎನ್‌ಆರ್‌ಐಗಳಿಗೆ ಸಾಲ ಕೊಟ್ಟು ಆ ಸಾಲದ ದುಡ್ಡನ್ನೇ ಡೆಪಾಸಿಟ್ ಇಡಿಸಿದ್ರು. ಆ ಡೆಪಾಸಿಟ್ ದಾರಿ ಒಂದರಿಂದಲೇ 26 ಬಿಲಿಯನ್ ಡಾಲರ್ ಬಂತು. ಇಳಿಯೋದು ನಿಂತಿತು. ಆದ್ರೆ 68ರಿಂದ 62ಕ್ಕೆ ಬಂದದ್ದು ವಾಪಸ್ 55ಕ್ಕೆ ಹೋಯ್ತಾ? ಇಲ್ಲ. ಇದನ್ನ ನೆನಪಿಟ್ಕೊಳಿ, ಗಲಾಟೆ ಮುಗಿದ್ಮೇಲೆ ರೂಪಾಯಿ ಸ್ವಲ್ಪ ಏರುತ್ತೆ, ಹಳೇ ಜಾಗಕ್ಕೆ ಹೋಗಲ್ಲ.

ಡಲ್ಲಾಸ್_ಅಕ್ಕ

ನಮ್ಮ ಕಡೆಯಿಂದ ಒಂದು ಮಾತು. 90 ಆಯ್ತು ನಿಮಗೆ ಹಬ್ಬ ಬಿಡಿ ಅಂತ ಊರಿಂದ ಎಲ್ಲರೂ ಮೆಸೇಜ್ ಮಾಡ್ತಾರೆ. ಇವತ್ತು ಕಳಿಸೋರಿಗೆ ಹಬ್ಬಾನೇ, ಹತ್ತು ವರ್ಷದ ಹಿಂದೆ ಕಳಿಸಿ ಎನ್‌ಆರ್‌ಇ ಎಫ್‌ಡಿ (ಹೊರಗಿರೋರು ಊರಲ್ಲಿ ರೂಪಾಯಲ್ಲಿ ಇಡೋ ಡೆಪಾಸಿಟ್) ಇಟ್ಟೋರ ಕಥೆ ಯಾರೂ ಕೇಳಲ್ಲ. ಏಳು ಪರ್ಸೆಂಟ್ ಬಡ್ಡಿ ಬರುತ್ತೆ ಅಂತ ಖುಷಿಯಾಗಿ ಇಡ್ತೀವಿ, ಅದರಲ್ಲಿ ಅರ್ಧ ರೂಪಾಯಿ ಇಳಿದು ಹೋಗುತ್ತೆ, ಇಂಡಿಯಾದಲ್ಲಿ ಟ್ಯಾಕ್ಸ್ ಇಲ್ಲದಿದ್ರೂ ಅಮೆರಿಕದಲ್ಲಿ ಆ ಪೂರ್ತಿ ಬಡ್ಡಿಗೆ ಟ್ಯಾಕ್ಸ್ ಕಟ್ಬೇಕು. ಡಾಲರ್ ಕಡೆಯಿಂದ ನೋಡಿದ್ರೆ ಇಲ್ಲಿನ ಬ್ಯಾಂಕಲ್ಲಿ ಇಟ್ಟಿದ್ರೂ ಅಷ್ಟೇ ಆಗ್ತಿತ್ತು. ವಾಪಸ್ ಬಂದು ಬೆಂಗಳೂರಲ್ಲೇ ಇರ್ತೀವಿ ಅನ್ನೋರಿಗೆ ಮಾತ್ರ ಅದು ಸರಿ, ಯಾಕಂದ್ರೆ ಅವರ ಮುಂದಿನ ಖರ್ಚು ರೂಪಾಯಲ್ಲೇ.

ಸಜ್ಜನರಾವ್_ಸರ್ಕಲ್

ಡಲ್ಲಾಸಿನ ತಾಯಿ ಕೊನೇ ಸಾಲಲ್ಲಿ ಹೇಳಿದ್ದೇ ವಿಷಯ. ಬನಶಂಕರಿಯವರೇ, ನಿಮಗೂ ಅದೇ ಉತ್ತರ. ರೂಪಾಯಿ ಎಲ್ಲಿಗೆ ಹೋಗುತ್ತೆ ಅನ್ನೋದು ಬಿಡಿ, ನಿಮ್ಮ ಯಾವ ಖರ್ಚು ಡಾಲರಲ್ಲಿದೆ, ಅದು ಯಾವತ್ತು ಬರುತ್ತೆ ಅಂತ ಒಂದು ಹಾಳೆಲಿ ಬರೀರಿ. ಮಗಳ ಕೊನೇ ಸೆಮಿಸ್ಟರ್ ಫೀಸು ಗೊತ್ತಿರೋ ಮೊತ್ತ, ಗೊತ್ತಿರೋ ತಾರೀಖು. ಅದನ್ನ ಎರಡು ಮೂರು ಕಂತಲ್ಲಿ ಕಳಿಸಿ ಮುಗಿಸಿ, 89ಕ್ಕೆ ಬರ್ಲಿ ಅಂತ ಕಾಯ್ಕೊಂಡು ಕೂರಬೇಡಿ. ಮಗನದ್ದು ಇನ್ನೂ ಗಾಳಿಲಿರೋ ಮಾತು, ಅಡ್ಮಿಶನ್ನೇ ಆಗಿಲ್ಲ, ಅದಕ್ಕೆ ಈಗ ಡಾಲರ್ ತಗೊಂಡು ಇಲ್ಲಿ ಇಟ್ಕೊಳೋಕೆ ಆಗಲ್ಲ, ವ್ಯಕ್ತಿಗಳಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಕಳಿಸೋ ಅವಕಾಶ ಇದ್ರೂ ಬಳಸದೆ, ಹೂಡಿಕೆನೂ ಮಾಡದೆ ಇಟ್ಟ ಡಾಲರನ್ನ 180 ದಿನದಲ್ಲಿ ವಾಪಸ್ ಮಾಡ್ಬೇಕು. ಅವನ ಬಜೆಟ್ ಮಾತ್ರ ವರ್ಷಕ್ಕೆ ನಾಲ್ಕು ಪರ್ಸೆಂಟ್ ಏರಿಸಿ ಹಾಕಿ.

ಇನ್ನೊಂದು ನೀವು ಗಮನಿಸಲೇ ಇಲ್ಲ. ಮಾರ್ಕೆಟ್ 84 ಇದ್ದಾಗ ಬ್ಯಾಂಕ್ 85.20 ಹಾಕ್ತು ಅಂದ್ರಿ. 15 ಸಾವಿರ ಡಾಲರಿಗೆ 18 ಸಾವಿರ ರೂಪಾಯಿ ಆಯ್ತು ಅದು! ರೂಪಾಯಿ ವರ್ಷವಿಡೀ ಇಳಿದು ಕಿತ್ಕೊಳೋದರಲ್ಲಿ ದೊಡ್ಡ ಪಾಲನ್ನ ಬ್ರಾಂಚ್ ಮಧ್ಯಾಹ್ನದ ಊಟದ ಮೊದಲೇ ಕಿತ್ಕೊಂಡಿದೆ. ಬ್ರಾಂಚಲ್ಲಿ ಗೋಡೆಗೆ ಹಾಕಿರೋದು ಕಾರ್ಡ್ ರೇಟ್, ಸುಮ್ನಿದ್ದವರಿಗೆ ಹಾಕೋದು. ಈ ಮೊತ್ತಕ್ಕೆ ಟ್ರೆಷರಿ ರೇಟ್, ಅಂದ್ರೆ ಮಾರ್ಕೆಟ್ಟಿಗೆ ಹತ್ರದ ರೇಟು ಕೇಳಿ, ಬೆಳಗ್ಗೆ ಹತ್ತೂವರೆ ಮೇಲೆ ಹೋಗಿ, ಮೊಬೈಲಲ್ಲಿ ಆ ಕ್ಷಣದ ಮಾರ್ಕೆಟ್ ರೇಟ್ ತೆಗೆದು ಮೇಜಿನ ಮೇಲೆ ಇಡಿ, ಎಷ್ಟು ಪೈಸೆ ಮಾರ್ಜಿನ್ ಹಾಕ್ತಿದೀರಿ ಅಂತ ನೇರ ಕೇಳಿ. ಕೊಡಲ್ಲ ಅಂದ್ರೆ ಪಕ್ಕದ ಬ್ಯಾಂಕಿನ ಕೊಟೇಶನ್ ತಗೊಂಡು ಬನ್ನಿ. ಕೊಡ್ತಾರೆ. ನಾವೂ ಹಂಗೇ ಕೊಡ್ತಿದ್ವಿ, ಕೇಳಿದವರಿಗೆ.

ಬನಶಂಕರಿ_ಅಪ್ಪ

ಅಯ್ಯೋ 18 ಸಾವಿರ! ಮ್ಯಾನೇಜರು ಚಾ ಕೂಡ ಕುಡಿಸಿದ್ರು ಸರ್. ನಾಡಿದ್ದು ಹೋಗ್ತೀನಿ. ಇನ್ನೊಂದು ಕೇಳ್ತೀನಿ, ಅರ್ಧ ದುಡ್ಡು ಎಜುಕೇಶನ್ ಲೋನ್, ರೂಪಾಯಿ ಲೋನು. ಅದನ್ನ ಬೇಗ ತೀರಿಸೋದಾ?

ಡಲ್ಲಾಸ್_ಅಕ್ಕ

ಅಂಕಲ್, ಮಗಳಿಗೆ ಇಲ್ಲೇ ಕೆಲಸ ಸಿಕ್ರೆ ಸಾಲ ರೂಪಾಯಿ, ಸಂಬಳ ಡಾಲರ್, ರೂಪಾಯಿ ಇಳಿದಷ್ಟೂ ಸಾಲ ಹಗುರ ಆಗುತ್ತೆ, ನಾವು ಹಂಗೇ ತೀರಿಸಿದ್ದು. ಆದ್ರೆ ಈಗ ಕೆಲಸದ ಮಾರ್ಕೆಟ್ ಮೊದಲಿನ ಹಾಗಿಲ್ಲ, 2025ರ ಸೆಪ್ಟೆಂಬರಲ್ಲಿ ಹೊಸ ಎಚ್-1ಬಿ ಕೆಲಸದ ವೀಸಾಗೆ ಒಂದು ಲಕ್ಷ ಡಾಲರ್ ಫೀಸು ಅಂತ ಬೇರೆ ಮಾಡಿದ್ರು. ವಾಪಸ್ ಬಂದು ಬೆಂಗಳೂರಲ್ಲೇ ಕೆಲಸ ಮಾಡ್ತಾಳೆ ಅನ್ನೋ ಲೆಕ್ಕಾನೂ ಒಂದು ಇಟ್ಕೊಳಿ. ಅವಾಗ ಸಾಲಾನೂ ರೂಪಾಯಿ ಸಂಬಳಾನೂ ರೂಪಾಯಿ, ಡಾಲರ್ ಎಷ್ಟಾದ್ರೂ ಆ ಇಎಂಐ ಕಮ್ಮಿ ಆಗಲ್ಲ.

ಪೀಣ್ಯ_ಟರ್ನರ್

ಎಲ್ಲರದ್ದೂ ಆಯ್ತು, ನನಗೊಂದು ಹೇಳಿ. ಮಗ ಹೊಸ ಜಪಾನ್ ಮೆಷಿನ್ ತಗೊಳೋಣ ಅಂತಾನೆ, ಡೀಲರ್ ಡಾಲರಲ್ಲಿ ಕೊಟೇಶನ್ ಕೊಟ್ಟಿದಾನೆ. ಡಾಲರ್ 90 ನೋಡಿ ನನಗೆ ಕೈ ಕಾಲು ನಡುಗ್ತಿದೆ.

ಅರ್ಥಶಾಸ್ತ್ರ_ಮೇಷ್ಟ್ರು

ಜಪಾನ್ ಮೆಷಿನ್ನಿಗೆ ಡಾಲರ್ ಕೊಟೇಶನ್ ಯಾಕೆ? ಯೆನ್ ಕೊಟೇಶನ್ ಕೇಳಿ. 2012ರಲ್ಲಿ ಡಾಲರಿಗೆ 80 ಯೆನ್, ನಮ್ಮದು 53 ಇತ್ತು, ಅಂದ್ರೆ ಒಂದು ಯೆನ್ನಿಗೆ 66 ಪೈಸೆ. 2025ರ ಡಿಸೆಂಬರಲ್ಲಿ ಡಾಲರಿಗೆ 155 ಯೆನ್ ಆಸುಪಾಸು, ನಮ್ಮದು 90, ಒಂದು ಯೆನ್ನಿಗೆ 58 ಪೈಸೆ. ಡಾಲರ್ ಮುಂದೆ ಇಳಿದ ರೂಪಾಯಿ ಯೆನ್ ಮುಂದೆ ಹದಿಮೂರು ವರ್ಷದಲ್ಲಿ ಏರಿದೆ.

ಪೀಣ್ಯ_ಟರ್ನರ್

ಏನ್ ಸ್ವಾಮಿ ಇದು! ಡೀಲರ್ ಒಂದ್ ಮಾತೂ ಹೇಳಿಲ್ಲ.

ಸಜ್ಜನರಾವ್_ಸರ್ಕಲ್

ಅವನ್ಯಾಕೆ ಹೇಳ್ತಾನೆ. ಯೆನ್ನಲ್ಲಿ ಲಿಖಿತ ಕೊಟೇಶನ್ ತಗೊಳಿ, ಎಲ್‌ಸಿ (ಬ್ಯಾಂಕ್ ಕೊಡೋ ಪಾವತಿ ಗ್ಯಾರಂಟಿ) ಯೆನ್ನಲ್ಲೇ ತೆರೀರಿ, ಮೆಷಿನ್ ಬರೋಕೆ ಐದಾರು ತಿಂಗಳು ಆಗುತ್ತಲ್ಲ ಅಷ್ಟಕ್ಕೆ ಬ್ಯಾಂಕಲ್ಲಿ ಫಾರ್ವರ್ಡ್ ಬುಕ್ ಮಾಡಿ, ಅಂದ್ರೆ ಮುಂದಿನ ತಾರೀಖಿನ ರೇಟು ಈಗ್ಲೇ ಗಟ್ಟಿ ಮಾಡ್ಕೊಳಿ. ಡಾಲರಿಗಿಂತ ಯೆನ್ನಿಗೆ ಪ್ರೀಮಿಯಂ (ಇವತ್ತಿನ ರೇಟಿನ ಮೇಲೆ ಸೇರಿಸೋದು) ಜಾಸ್ತಿ ಹೇಳ್ತಾರೆ, ಅಲ್ಲಿ ಬಡ್ಡಿ ಕಮ್ಮಿ ಇರೋದಕ್ಕೆ ಹಂಗೆ, ಅದನ್ನೂ ಸೇರಿಸಿ ಎರಡು ಕೊಟೇಶನ್ ಪಕ್ಕ ಪಕ್ಕ ಇಟ್ಟು ನೋಡಿ. ಬೇಕಾದ್ರೆ ಹಾಳೆ ತಗೊಂಡು ಬನ್ನಿ, ಸಂಜೆ ನಾಲ್ಕರ ಮೇಲೆ ಮನೇಲೇ ಇರ್ತೀನಿ, ಲೆಕ್ಕ ಹಾಕ್ಕೊಡ್ತೀನಿ.